ಅಜ್ಜಿಯ ಹೆಸರು ಬರೆಸಲು ಅಳುಕೇಕೆ?

ಪ್ರಶ್ನೆ: ನನಗೆ 46 ವರ್ಷ, ಹುಬ್ಬಳ್ಳಿಯಲ್ಲಿದ್ದೇನೆ. ಮೂಲ ಊರು ಹಾವೇರಿ ಜಿಲ್ಲೆಯದು. ಊರಿನ ನಮ್ಮ ಮನೆತನದವರು ಬಳಗ ಕಟ್ಟಿಕೊಂಡು ವಂಶಾವಳಿ ಪುಸ್ತಕ ತರಲು ಹೊರಟಿದ್ದಾರೆ. ಅಪ್ಪ ತೀರಿಕೊಂಡ ಮೇಲೆ ಹಿರಿಯರ ಬಗ್ಗೆ ತಿಳಿಯುವ ಹಂಬಲ ಹೆಚ್ಚಾಗಿದೆ, ನಾನೂ ಬಳಗ ಸೇರಬೇಕೆಂದಿದ್ದೇನೆ. ಆದರೆ ಅಪ್ಪನ ಅವ್ವನದು ಉಡಿಕಿ ಮದುವೆ, ಅಂದರೆ ವಿಧವೆಯಾದ ಮೇಲಿನ ಮರುಮದುವೆ. ಮನೆಯಲ್ಲಿ ಯಾರೂ ಅದರ ಮಾತೆತ್ತುವುದಿಲ್ಲ. “ಹಳೇದನ್ನ ಯಾಕ ಕೆದಕತೀ? ಆಸ್ತಿ ಸಲುವಾಗಿ ಬಂದಾಳ ಅಂತಾರ ಮಂದಿ” ಎಂದು ಅಣ್ಣ ಸಿಟ್ಟಾಗುತ್ತಾನೆ. ಸೇರಲೋ ಬಿಡಲೋ ತಿಳಿಯುತ್ತಿಲ್ಲ.
– ಹೆಸರು ಬೇಡ

ಉತ್ತರ: ನಿಮ್ಮ ಹಂಬಲ ಸಹಜವಾದದ್ದು. ಅಪ್ಪ ಇರುವವರೆಗೆ ‘ಯಾವಾಗಲಾದರೂ ಕೇಳಿದರಾಯಿತು’ ಎಂದುಕೊಂಡಿರುತ್ತೇವೆ. ಅವರು ಹೋದಮೇಲೆ ಎಷ್ಟೊಂದು ಕೇಳಲಿಲ್ಲವಲ್ಲ ಎಂಬ ಕೊರಗು ಶುರುವಾಗುತ್ತದೆ. ಹಿರಿಯರನ್ನು ಹುಡುಕುವ ನಿಮ್ಮ ಆಸೆಯಲ್ಲಿ ಅಪ್ಪನನ್ನು ಕಳೆದುಕೊಂಡ ದುಃಖವೂ ಸೇರಿದೆ. ಅದಕ್ಕೆ ನಾಚಬೇಕಿಲ್ಲ.

ಅಣ್ಣನ ಸಿಟ್ಟಿನ ಹಿಂದೆ ಇರುವುದೂ ಭಯವೇ ಇರಬಹುದು. ಉಡಿಕಿಯಾದ ಹೆಣ್ಣುಮಕ್ಕಳನ್ನು ಹಲವು ಕಡೆ ಶುಭಕಾರ್ಯದಲ್ಲಿ ಮುಂದೆ ಕರೆಯುತ್ತಿರಲಿಲ್ಲ, ಅವರ ಮಕ್ಕಳೂ ಕುಹಕದ ಮಾತು ಕೇಳಬೇಕಾಗುತ್ತಿತ್ತು. ನಿಮ್ಮ ಅಪ್ಪ ಅಂಥದ್ದನ್ನು ಕೇಳಿಯೇ ಸುಮ್ಮನಾಗಿರಬಹುದು. ಆ ಮೌನವನ್ನು ಅಣ್ಣ ಈಗ ಕಾಯುತ್ತಿದ್ದಾನೆ.

ಆದರೆ ಇದನ್ನೇ ಅಜ್ಜಿಯ ಕಡೆಯಿಂದ ನೋಡಿ. ವಿಧವಾ ವಿವಾಹಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿದ್ದು 1856ರಲ್ಲಿ. ಅದನ್ನು ತಂದವರನ್ನು ನಾವು ಸುಧಾರಕರೆಂದು ಪಾಠದಲ್ಲಿ ಓದುತ್ತೇವೆ. ಬದುಕನ್ನು ಎರಡನೇ ಸಲ ಕಟ್ಟಿಕೊಂಡು, ಮಕ್ಕಳನ್ನು ಹೆತ್ತು ಬೆಳೆಸಿದ ನಿಮ್ಮ ಅಜ್ಜಿಯನ್ನು ಮಾತ್ರ ಮುಚ್ಚಿಡುವುದು ನ್ಯಾಯವೇ? ಮುಚ್ಚಿಡಬೇಕಾದ ತಪ್ಪನ್ನೇನೂ ಅವರು ಮಾಡಿರಲಿಲ್ಲ.

ಹಾಗೆಂದು ಎಲ್ಲವನ್ನೂ ನಾಳೆಯೇ ಸಭೆಯಲ್ಲಿ ಹೇಳಿ ಎನ್ನುತ್ತಿಲ್ಲ. ತಿಳಿದುಕೊಳ್ಳುವುದು ಬೇರೆ, ಅಚ್ಚು ಹಾಕಿಸುವುದು ಬೇರೆ. ಮೊದಲನೆಯದಕ್ಕೆ ನಿಮ್ಮ ಮನಸ್ಸು ಸಾಕು. ಎರಡನೆಯದಕ್ಕೆ ಉಳಿದವರ ಒಪ್ಪಿಗೆಯೂ ಬೇಕು. ಇವೆರಡು ಕಲಸಿಹೋದದ್ದರಿಂದಲೇ ನಿಮಗೂ ಅಣ್ಣನಿಗೂ ಇಷ್ಟು ಕಳವಳ.

ಮೊದಲು ಅಣ್ಣನ ಜೊತೆ ಒಬ್ಬರೇ ಕೂತು ಮಾತಾಡಿ. “ನನಗೆ ಅಜ್ಜಿ ಹೆಂಗಿದ್ದಳು ತಿಳೀಬೇಕು, ಅಷ್ಟ. ನಿನ್ನ ಕೇಳದ ಏನೂ ಅಚ್ಚು ಹಾಕಸೂದಿಲ್ಲ” ಎಂದು ಮಾತು ಕೊಡಿ. ಆಸ್ತಿಯ ವಿಷಯವನ್ನು ಇದರೊಳಗೆ ತರಬೇಡಿ. ಮುಂದೆ ಅದು ನಿಜವಾಗಿಯೂ ಎದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.

ಆಮೇಲೆ ಇರುವವರಲ್ಲೇ ಹಿರಿಯರನ್ನು ಕಾಣಿ. ಸೋದರತ್ತೆಯೊಬ್ಬರಿದ್ದರೆ ಅವರಿಂದಲೇ ಶುರುಮಾಡಿ. ‘ಉಡಿಕಿ ಹೌದೋ ಅಲ್ಲವೋ’ ಎಂದು ಪಾಟೀಸವಾಲು ಬೇಡ. ಅಜ್ಜಿಯ ತವರು ಯಾವುದು, ಯಾವ ಜಾತ್ರೆಗೆ ಹೋಗುತ್ತಿದ್ದರು, ಮಕ್ಕಳಿಗೆ ಯಾರ ಹೆಸರಿಟ್ಟರು ಎಂದು ಕೇಳಿ. ಹಿರಿಯರ ಹೆಸರನ್ನೇ ಮೊಮ್ಮಕ್ಕಳಿಗಿಡುವ ಪದ್ಧತಿ ನಮ್ಮಲ್ಲಿರುವುದರಿಂದ ಹೆಸರುಗಳೇ ಎಷ್ಟೋ ದಾರಿ ತೋರಿಸುತ್ತವೆ.

ನಿಮ್ಮ ಮನೆತನಕ್ಕೆ ಹೆಳವರು ಬರುತ್ತಿದ್ದರೆ ಅವರನ್ನೂ ವಿಚಾರಿಸಿ. ತಲೆಮಾರುಗಳಿಂದ ವಂಶಾವಳಿ ಬರೆದಿಟ್ಟು, ಮನೆಬಾಗಿಲಿಗೆ ಬಂದು ಓದಿ ಹೇಳುವವರು ಅವರು. ಅವರ ಪುಸ್ತಕ ಹೆಚ್ಚಾಗಿ ಗಂಡುಮಕ್ಕಳ ಸಾಲನ್ನೇ ಹಿಡಿದು ಸಾಗುತ್ತದೆ. ಅಲ್ಲಿ ಅಜ್ಜಿಯ ಹೆಸರು ಇಲ್ಲದಿದ್ದರೆ ಅದು ಆ ಪುಸ್ತಕದ ರೂಢಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹೆಣ್ಣುಮಕ್ಕಳ ಹೆಸರು ಬೇರೆ ಕಡೆ ಸಿಗುವುದುಂಟು: ಜಮೀನಿನ ವಾರಸಾ ದಾಖಲೆ, ಅಪ್ಪನ ಶಾಲೆಯ ದಾಖಲಾತಿ ಪುಸ್ತಕ, ಜನನ–ಮರಣ ನೋಂದಣಿ. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ಹಳೆಯ ಕಡತಗಳನ್ನು ಧಾರವಾಡದಲ್ಲೂ ವಿಚಾರಿಸಬೇಕಾಗಬಹುದು. ಮೋಡಿ ಲಿಪಿಯ ಕಾಗದ ಕೈಗೆ ಬಂದರೆ ಓದಬಲ್ಲವರ ಸಹಾಯ ಪಡೆಯಿರಿ. ಇಂಥ ಓಡಾಟಕ್ಕೆ ಬಳಗದಲ್ಲಿ ಜೊತೆ ಸಿಗುತ್ತದೆ. ಸೇರಿ ಎಂದು ನಾನು ಹೇಳಲು ಇದೂ ಒಂದು ಕಾರಣ.

ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಬಳಗದ ಮುಂದೆ ಎರಡು ಮಾತಿಡಿ. ಬದುಕಿರುವವರ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಹಾಕಬಾರದು. ಮನೆಗೆ ಬಂದ ಹೆಣ್ಣುಮಕ್ಕಳೆಲ್ಲರ ಹೆಸರು ಇರಬೇಕು, ಯಾವ ವಿಶೇಷಣವೂ ಬೇಡ. ಅಣ್ಣನೂ ಒಪ್ಪಿದರೆ ನಿಮ್ಮ ಅಜ್ಜಿಯ ಹೆಸರು, ತವರೂರು, ಮಕ್ಕಳು ಇಷ್ಟೇ ಬಂದರೂ ಸಾಕು. ಇಂಥ ಪುಸ್ತಕ ತರುತ್ತಿರುವ ಹಿರಿಯರು ಇದನ್ನು ಓದುತ್ತಿದ್ದರೆ ಅವರಿಗೂ ನನ್ನ ಕೋರಿಕೆ ಇದೇ: ನಿಮ್ಮ ಹಾಳೆಯಲ್ಲಿ ಅವ್ವಂದಿರಿಗೂ ಜಾಗವಿರಲಿ.

ಹುಡುಕುತ್ತ ಹೋದಂತೆ ಮನಸ್ಸು ಭಾರವಾದರೆ ನಿಲ್ಲಿಸಿ, ತಿಂಗಳು ಬಿಟ್ಟು ಮತ್ತೆ ಕೈಗೆತ್ತಿಕೊಳ್ಳಿ. ಅಪ್ಪನ ನೆನಪು ನಿದ್ದೆ, ಊಟ ಕೆಡಿಸುವಷ್ಟಾದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಬಳಗದ ಮುಂದಿನ ಸಭೆಗೆ ಹೋಗಿ. ಮೊದಲ ದಿನ ಕೇಳಿಸಿಕೊಂಡು ಬಂದರೂ ಸಾಕು. ಸಾಧ್ಯವಾದರೆ ಅಣ್ಣನನ್ನೂ ಕರೆಯಿರಿ, ಅವನಿಗೂ ಆಕೆ ಅಜ್ಜಿಯೇ.