ನೇರಳೆ ಕಲೆಗಳು

ಶಿಶುವಿನ ಮೈಮೇಲೆ ಒಂದೇ ಇರುಳಿನಲ್ಲಿ ನೇರಳೆಬಣ್ಣದ ಮಂಡಲಗಳೆದ್ದು, ಕಿವಿಗಳೂ ಪಾದಗಳೂ ಬಾತುಕೊಂಡಾಗ ನೋಡಿದವರ ಎದೆ ಝಲ್ಲೆನ್ನುವುದು ಸಹಜ. ಆದರೆ ಆ ಮಗುವೇ ಎಂದಿನಂತೆ ಹಾಲು ಕುಡಿದು, ಗಿಲಕಿಯಾಡಿಸುತ್ತ, ನೋಡಬಂದವರತ್ತ ಕಿಲಕಿಲನೆ ನಗುತ್ತಿದ್ದರೆ, ಈ ಎರಡು ಸಾಕ್ಷ್ಯಗಳಲ್ಲಿ ಯಾವುದನ್ನು ನಂಬಬೇಕೆಂದು ತೋಚದು. 11 ತಿಂಗಳ ನಮ್ಮ ಮೊಮ್ಮಗನ ದೆಸೆಯಿಂದ ಈ ಸಂದಿಗ್ಧ ನನಗೂ ಒದಗಿತು.

ಕೆಲವು ದಿನ ಮೊದಲು ಅವನಿಗೆ ನೆಗಡಿಯಾಗಿ ಮೈ ತುಸು ಬೆಚ್ಚಗಾಗಿದ್ದುದುಂಟು. ಈಗ ಎದ್ದ ಕಲೆಗಳಾದರೋ ಕೆನ್ನೆ, ಕಿವಿ, ಮುಂಗೈ, ಕಾಲುಗಳನ್ನೇ ಆಯ್ದುಕೊಂಡು, ಹೊಟ್ಟೆ ಬೆನ್ನುಗಳನ್ನು ಮುಟ್ಟದೆ, ನಾಣ್ಯದಷ್ಟು ಅಗಲವಾಗಿ, ನಡುವೆ ಕಡುನೇರಳೆಯಾಗಿಯೂ ಅಂಚಿನಲ್ಲಿ ಕೆಂಪಾಗಿಯೂ ತೋರುತ್ತಿದ್ದುವು; ಊದಿದ ಪಾದವನ್ನು ಒತ್ತಿದರೆ ಕುಳಿ ಬೀಳುತ್ತಿರಲಿಲ್ಲ. ನೆರೆಮನೆಯ ಹಿರಿಯರೊಬ್ಬರು, "ಸರ್ಪಸುತ್ತೇ ಇದು ರಾಯರೆ, ಜಾಜು ಕಲಸಿ ಹಚ್ಚಿಬಿಡಿ" ಎಂದರು. ಸೊಸೆ ಒಪ್ಪಲಿಲ್ಲ. "ಡಾಕ್ಟರು ನೋಡೋವರೆಗೂ ಮೈ ಹೀಗೇ ಇರಲಿ ಮಾವ" ಎಂದವಳೇ ಮಗುವನ್ನೆತ್ತಿಕೊಂಡು ಹೊರಟಳು. ಬಣ್ಣವನ್ನೇ ನೋಡಿ ರೋಗವನ್ನು ಗುರುತಿಸಬೇಕಾದಲ್ಲಿ ಜಾಜಿನ ಕೆಂಪು ಬಳಿದುಕೊಂಡು ಹೋಗಿದ್ದರೆ ವೈದ್ಯರಾದರೂ ಏನು ಮಾಡಿಯಾರು? ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತಿದ್ದವರೊಬ್ಬರು, "ಯಾರಮ್ಮ ಕೂಸಿಗೆ ಹೀಗೆ ಹೊಡೆದಿದ್ದು?" ಎಂದು ಆ ತಾಯಿಯನ್ನೇ ಕೇಳಿದ್ದು ಮಾತ್ರ ನನಗೆ ಇಂದಿಗೂ ಕಹಿಯಾಗಿದೆ.

ವೈದ್ಯೆ ಗಾಜಿನ ಲೋಟವೊಂದನ್ನು ಕಲೆಯ ಮೇಲೆ ಒತ್ತಿ ಹಿಡಿದು ಅದರ ಮೂಲಕ ನೋಡಿದರು. ರಕ್ತವು ನಾಳದೊಳಗೇ ಇದ್ದಿದ್ದರೆ ಒತ್ತಿದೊಡನೆ ಕೆಂಪು ಮಾಯವಾಗಬೇಕು. ಇಲ್ಲಿ ಮಾಯವಾಗಲಿಲ್ಲ, ಅಂದರೆ ರಕ್ತವು ನಾಳದಿಂದ ಚರ್ಮದೊಳಕ್ಕೆ ಜಿನುಗಿತ್ತು. ಇಂಥ ಕಲೆ ಕಂಡಾಗ ಮೊದಲು ಶಂಕಿಸಬೇಕಾದದ್ದು ಪ್ರಾಣಾಂತಿಕವಾದ ಮೆನಿಂಗೊಕಾಕಸ್ ಸೋಂಕನ್ನೆಂದೂ, ಅದರ ಆರಂಭದಲ್ಲಿ ಮಗು ಗೆಲುವಾಗಿಯೇ ಕಾಣಬಹುದಾದ್ದರಿಂದ ನಗೆಯೊಂದನ್ನೇ ನೆಚ್ಚಿ ಮನೆಯಲ್ಲಿ ಕೂರಲಾಗದೆಂದೂ ಅವರು ಹೇಳಿ, ರಕ್ತವನ್ನೂ ಮೂತ್ರವನ್ನೂ ಪರೀಕ್ಷೆಗೆ ಕಳುಹಿಸಿದರು. ಪ್ಲೇಟ್‌ಲೆಟ್ ಸಂಖ್ಯೆ, ರಕ್ತ ಹೆಪ್ಪುಗಟ್ಟುವ ಗುಣ, ಮೂತ್ರ ಎಲ್ಲವೂ ಸರಿಯಾಗಿದ್ದುವು.

ಆಮೇಲೆ ಹೆಸರು ಹೇಳಿದರು: ಅಕ್ಯೂಟ್ ಹೆಮರಾಜಿಕ್ ಎಡಿಮಾ ಆಫ್ ಇನ್‌ಫೆನ್ಸಿ. ಅಮೆರಿಕದ ಸ್ನೋ ಎಂಬ ವೈದ್ಯ 1913ರಲ್ಲಿಯೂ, ಜರ್ಮನಿಯ ಫಿಂಕೆಲ್‌ಸ್ಟೈನ್ 1938ರಲ್ಲಿಯೂ ವರ್ಣಿಸಿದ ಈ ವಿರಳ ವ್ಯಾಧಿ ಸಾಮಾನ್ಯವಾಗಿ 4 ತಿಂಗಳಿಂದ 2 ವರ್ಷದೊಳಗಿನ ಮಕ್ಕಳದು. ನೆಗಡಿಯಂಥ ಸೋಂಕಿನ ಬೆನ್ನಿಗೆ, ಕೆಲವೊಮ್ಮೆ ಆ್ಯಂಟಿಬಯಾಟಿಕ್ ಅಥವಾ ಲಸಿಕೆಯ ತರುವಾಯ, ದೇಹದ ರಕ್ಷಣಾವ್ಯವಸ್ಥೆಯೇ ಚರ್ಮದ ಸೂಕ್ಷ್ಮ ರಕ್ತನಾಳಗಳಲ್ಲಿ ಉರಿಯೂತವನ್ನುಂಟುಮಾಡುತ್ತದೆ. ತುಸು ದೊಡ್ಡ ಮಕ್ಕಳಿಗೆ ಬರುವ ಹೆನಾಕ್-ಶಾನ್‌ಲೈನ್ ಪರ್ಪ್ಯೂರಾದಂತೆ ಮೂತ್ರಪಿಂಡಕ್ಕೂ ಕರುಳಿಗೂ ತಗುಲುವುದು ಇದರಲ್ಲಿ ಬಲು ಅಪರೂಪ. ಔಷಧವೇನೂ ಬೇಡವೆಂದು ವೈದ್ಯೆ ಹೇಳಿದಾಗ ನನಗೆ ಸಮಾಧಾನಕ್ಕಿಂತ ಅಸಮಾಧಾನವೇ ಹೆಚ್ಚಾಯಿತು. ಇಷ್ಟು ಭಯಂಕರವಾಗಿ ಕಾಣುವುದಕ್ಕೆ ಒಂದು ಚಮಚ ಸಿರಪ್ಪಾದರೂ ಬೇಡವೆ? ಬೇಡವಾಗಿತ್ತು. ಹಳೆಯ ಕಲೆಗಳು ಹಳದಿಗಂದಾಗುತ್ತಿದ್ದಂತೆ ಹೊಸವೆರಡು ಎದ್ದುವಾದರೂ, ಮೂರು ವಾರ ತುಂಬುವಷ್ಟರಲ್ಲಿ ಎಲ್ಲವೂ ಗುರುತುಳಿಯದೆ ಅಳಿಸಿಹೋದುವು.

ಹಸುಗೂಸುಗಳಿರುವ ಮನೆಯವರಲ್ಲಿ ನನ್ನ ಅರಿಕೆ ಇಷ್ಟೆ: ಗಾಜು ಒತ್ತಿದರೂ ಮಾಸದ ಕಲೆ ಕಂಡರೆ ಯಾವ ಲೇಪವನ್ನೂ ಹಚ್ಚದೆ, ಬೆಳಗಾಗಲೆಂದು ಕಾಯದೆ, ಮಗು ನಗುತ್ತಿದ್ದರೂ ಆ ಗಳಿಗೆಯಲ್ಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ.