ಮರದ ಚಕ್ಕೆ ಮಾರಾಟ: ದರ ನಿಗದಿಯ ಲೆಕ್ಕ



ಮುಂಗಾರಿಗೆ ಮುನ್ನ ರಸ್ತೆಬದಿ, ಶಾಲಾ ಆವರಣ ಹಾಗೂ ವಿದ್ಯುತ್ ತಂತಿಗಳ ಕೆಳಗಿನ ಮರಗಳ ರೆಂಬೆ ಸವರುವುದು ವಾಡಿಕೆಯ ಕೆಲಸ. ನಾನು ಕಾರ್ಯನಿರ್ವಹಿಸುವ ಪಂಚಾಯಿತಿಯಲ್ಲಿ ಒಮ್ಮೆ ಹೀಗೆ ಬಂದ ರೆಂಬೆಗಳನ್ನು ಚಿಪ್ಪರ್ ಯಂತ್ರದಲ್ಲಿ ಚಕ್ಕೆ ಮಾಡಿಸಿ ಹರಾಜಿಗೆ ಇಟ್ಟೆವು. ಮರ ಹತ್ತಿದವರ ಕೂಲಿಯೂ ಸೇರಿದಂತೆ ಸಮಸ್ತ ವೆಚ್ಚ ವಾಪಸು ಬರಬೇಕೆಂದು ಸಭೆಯು ಕನಿಷ್ಠ ದರ ಗೊತ್ತುಪಡಿಸಿತು. ಲೆಕ್ಕ ಹಾಕಿಕೊಟ್ಟವನು ನಾನೇ. ಸವಾಲು ಕೂಗುವವರೊಬ್ಬರೂ ಬರಲಿಲ್ಲ. ಆಷಾಢದ ಮಳೆಗೆ ರಾಶಿ ಕೊಳೆಯಿತು, ಅದನ್ನು ಸಾಗಿಸಲು ಮತ್ತೆ ಟ್ರ್ಯಾಕ್ಟರ್ ಬಾಡಿಗೆ ತೆತ್ತೆವು.

ತಪ್ಪು ಎಲ್ಲಿತ್ತೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ರೆಂಬೆ ಸವರಲು 12,000 ರೂಪಾಯಿ, ಚಕ್ಕೆ ಮಾಡಲು 6,000 ರೂಪಾಯಿ, ದೊರೆತದ್ದು 10 ಟನ್ ಎಂದುಕೊಳ್ಳಿ. ಎಲ್ಲವನ್ನೂ ಸೇರಿಸಿದರೆ ಕಿಲೋಗೆ 1 ರೂಪಾಯಿ 80 ಪೈಸೆ. ಆದರೆ ಚಕ್ಕೆ ಮಾರಿದರೂ ಮಾರದಿದ್ದರೂ ತಂತಿಯ ಮೇಲಿನ ರೆಂಬೆಯನ್ನು ಸವರಲೇಬೇಕಿತ್ತು. ಚಕ್ಕೆ ಮಾಡದಿದ್ದರೆ ರೆಂಬೆಗಳನ್ನು ಹೊರಗೆ ಸಾಗಿಸಲು 4,000 ರೂಪಾಯಿ ಆಗುತ್ತಿತ್ತು. ಆದುದರಿಂದ ಚಕ್ಕೆಯ ನಿಜವಾದ ಹೆಚ್ಚುವರಿ ವೆಚ್ಚ 2,000 ರೂಪಾಯಿ, ಅಂದರೆ ಕಿಲೋಗೆ 20 ಪೈಸೆ ಮಾತ್ರ. ಖರೀದಿದಾರನೇ ತುಂಬಿಕೊಂಡು ಹೋಗುವುದಾದರೆ, ಇದಕ್ಕೆ ಮೇಲ್ಪಟ್ಟು ಬಂದುದೆಲ್ಲವೂ ಪಂಚಾಯಿತಿಗೆ ಲಾಭವೇ. ಇದು ಕನಿಷ್ಠ ದರ, ಇಷ್ಟಕ್ಕೇ ಕೊಡಬೇಕೆಂದಲ್ಲ. ಮೇಲಿನ ದರವನ್ನು ಸ್ಪರ್ಧೆಯೇ ತೀರ್ಮಾನಿಸಬೇಕು.

ಎರಡನೆಯದು ಅಳತೆ. "ಒಂದು ಲೋಡಿಗೆ ಇಷ್ಟು" ಎಂಬ ಮಾತನ್ನು ನಡಾವಳಿಯಲ್ಲಿ ಬರೆಯಲೇಬಾರದು. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಟ್ರೇಲರ್‌ನಲ್ಲಿ 120 ಘನ ಅಡಿ ಹಿಡಿಯುತ್ತದೆ. ಅಂಚಿಗೆ ಹಲಗೆ ಕಟ್ಟಿ 4 ಅಡಿ ಏರಿಸಿದರೆ 240. ಎರಡೂ ಒಂದೊಂದು ಲೋಡೇ!

ತೂಕದ ಮಾರಾಟದಲ್ಲಿಯೂ ಒಂದು ಸೂಕ್ಷ್ಮವಿದೆ. ಹಸಿ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ. ಅರ್ಧ ನೀರಿರುವ 1,000 ಕಿಲೋ ಚಕ್ಕೆಯನ್ನು ಶೇ. 30 ತೇವಾಂಶಕ್ಕೆ ಒಣಗಿಸಿದರೆ ಉಳಿಯುವುದು ಸುಮಾರು 714 ಕಿಲೋ. ಹಸಿಗೂ ಒಣದಕ್ಕೂ ಒಂದೇ ದರ ಕೊಡುವ ಖರೀದಿದಾರನಿಗೆ ಒಣಗಿಸಿ ಕೊಟ್ಟರೆ ನಷ್ಟ ನಮ್ಮದು, ದರವು 1.4 ಪಟ್ಟು ಏರಿದರೆ ಮಾತ್ರ ಸರಿಸಮ. ಹೀಗೆ ಕೇಳುವುದು ನ್ಯಾಯವೂ ಹೌದು. ಹಸಿ ಚಕ್ಕೆಯ ಒಂದು ಕಿಲೋ ಸುಮಾರು 8 ಮೆಗಾಜೂಲ್ ಶಾಖ ಕೊಟ್ಟರೆ, ಶೇ. 30 ತೇವಾಂಶದ್ದು ಸುಮಾರು 12 ಮೆಗಾಜೂಲ್ ಕೊಡುತ್ತದೆ. ಬಾಯ್ಲರ್ ಇರುವ ಕಾರ್ಖಾನೆಯವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ರಾಶಿಯ ಐದಾರು ಕಡೆಯಿಂದ ಮಾದರಿ ತೆಗೆದು, ತೂಗಿ, ಪ್ರಯೋಗಾಲಯದ ಒಲೆಯಲ್ಲಿ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿದರೆ ತೇವಾಂಶ ತಿಳಿಯುತ್ತದೆ. ಷರತ್ತಿನಲ್ಲಿ ತೇವಾಂಶವನ್ನೂ ವೇಬ್ರಿಡ್ಜ್ ಚೀಟಿಯನ್ನೂ ಕಡ್ಡಾಯಗೊಳಿಸಿ.

ಎಲೆ ಹೆಚ್ಚಿರುವ ಚಕ್ಕೆ ಬಾಯ್ಲರ್‌ಗೆ ಹೊಂದುವುದಿಲ್ಲ, ತೋಟದ ಹೊದಿಕೆಗೆ ಉತ್ತಮ. ರೈತರಿಗೆ ತೂಕ ಬೇಡ, ಘನ ಅಳತೆಯಲ್ಲೇ ಮಾರಿ. 1.8 ಮೀಟರ್ ತ್ರಿಜ್ಯದ ತೆಂಗಿನ ಪಾತಿಗೆ 10 ಸೆಂಟಿಮೀಟರ್ ದಪ್ಪ ಹರಡಲು ಸುಮಾರು ಒಂದು ಘನ ಮೀಟರ್ ಬೇಕು ಎಂದು ಹೇಳಿದರೆ ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ. ದಪ್ಪ ಕೊಂಬೆಗಳನ್ನು ಮಾತ್ರ ಯಂತ್ರಕ್ಕೆ ಹಾಕಬೇಡಿ. ಸೌದೆಯಾಗಿ ಅವುಗಳಿಗೆ ಬೇರೆಯೇ ಬೇಡಿಕೆಯಿದೆ.

ಇವೆಲ್ಲಕ್ಕೂ ಮೊದಲು ಮರ ಯಾರದ್ದೆಂಬುದು ಖಚಿತವಾಗಬೇಕು. ಲೋಕೋಪಯೋಗಿ ಅಥವಾ ಅರಣ್ಯ ಇಲಾಖೆಗೆ ಸೇರಿದ ಮರದ ಚಕ್ಕೆಯನ್ನು ನಾವು ಮಾರಲಾಗದು. ಕರ್ನಾಟಕ ವೃಕ್ಷ ಸಂರಕ್ಷಣೆ ಅಧಿನಿಯಮ, 1976ರಂತೆ ಅನುಮತಿ ಅಗತ್ಯವಿರುವೆಡೆ ಅದನ್ನು ಪಡೆದೇ ಮುಂದುವರಿಯತಕ್ಕದ್ದು.

ಹಸಿ ಚಕ್ಕೆಯ ರಾಶಿ ಒಳಗೊಳಗೇ ಬಿಸಿಯೇರಿ ಹೊಗೆಯಾಡುವುದುಂಟು. ಎತ್ತರದ ರಾಶಿ ಹಾಕಿ ಒಳ್ಳೆಯ ದರಕ್ಕೆ ಕಾಯುವುದು ಅಪಾಯ. ಮರುವರ್ಷ ನಾವು ಖರೀದಿದಾರರನ್ನು ಗೊತ್ತುಮಾಡಿಕೊಂಡ ನಂತರವೇ ಯಂತ್ರ ತರಿಸಿದೆವು; ಮೊದಲ ಮಳೆಗೆ ಮುನ್ನ ಅಂಗಳ ಖಾಲಿಯಾಗಿತ್ತು.