‘ವೇತನ’ ಪದದ ಹೊಸ ವ್ಯಾಖ್ಯೆಯೂ ಗ್ರಾಚ್ಯುಟಿಯ ಹೊಣೆಯೂ

ಸಣ್ಣ ಕೈಗಾರಿಕೆಗಳಲ್ಲಿಯೂ ವ್ಯಾಪಾರಿ ಸಂಸ್ಥೆಗಳಲ್ಲಿಯೂ ನೌಕರರ ಸಂಬಳವನ್ನು ಮೂಲವೇತನ, ಮನೆ ಬಾಡಿಗೆ ಭತ್ಯೆ, ವಾಹನ ಭತ್ಯೆ, ವಿಶೇಷ ಭತ್ಯೆ ಎಂದು ನಾಲ್ಕಾರು ಕಲಮುಗಳಲ್ಲಿ ಹಂಚಿ ಬರೆಯುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಮೂಲವೇತನ ಕಡಿಮೆಯಿದ್ದಷ್ಟೂ ಭವಿಷ್ಯನಿಧಿ ಹಾಗೂ ಗ್ರಾಚ್ಯುಟಿಯ ಹೊರೆ ಕಡಿಮೆ ಎಂಬುದೇ ಇದರ ಹಿಂದಿನ ಎಣಿಕೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 29 ಹಳೆಯ ಕಾಯಿದೆಗಳ ಸ್ಥಾನವನ್ನು ಪಡೆದ ಮೇಲೆ ಈ ಎಣಿಕೆ ಬಹುಮಟ್ಟಿಗೆ ನಿಷ್ಫಲವಾಗಿದೆ.

1972ರ ಗ್ರಾಚ್ಯುಟಿ ಕಾಯಿದೆಯು ವೇತನದ ವ್ಯಾಖ್ಯೆಯಿಂದ ಬೋನಸ್, ಕಮಿಷನ್, ಮನೆ ಬಾಡಿಗೆ ಭತ್ಯೆ, ಹೆಚ್ಚುವರಿ ದುಡಿಮೆಯ ಭತ್ಯೆಗಳ ಜೊತೆಗೆ ‘ಇತರ ಯಾವುದೇ ಭತ್ಯೆ’ಯನ್ನೂ ಹೊರಗಿಟ್ಟಿತ್ತು. ಈ ಕೊನೆಯ ಮಾತಿನ ಆಸರೆಯಲ್ಲಿಯೇ ಎಷ್ಟೋ ವೇತನ ಪಟ್ಟಿಗಳು ಸಿದ್ಧವಾದವು. ಹೊಸ ಸಂಹಿತೆಗಳಲ್ಲಿ ಅಂತಹ ಸರ್ವವ್ಯಾಪಿ ಪದಗುಚ್ಛವಿಲ್ಲ. ವೇತನಕ್ಕೆ ಸೇರದ ಬಾಬುಗಳನ್ನು ಹೆಸರಿಸಿ ಪಟ್ಟಿ ಮಾಡಲಾಗಿದೆ. ‘ವಿಶೇಷ ಭತ್ಯೆ’ ಎಂಬ ಹೆಸರಿನಲ್ಲಿ ಎಲ್ಲರಿಗೂ ಪ್ರತಿ ತಿಂಗಳು ಕೊಡುವ ಹಣ ಆ ಪಟ್ಟಿಯಲ್ಲಿ ಕಾಣುವುದಿಲ್ಲವಾದ್ದರಿಂದ ಅದನ್ನು ವೇತನವೆಂದೇ ಎಣಿಸುವುದು ಕ್ಷೇಮ. ಭವಿಷ್ಯನಿಧಿಯ ಮಟ್ಟಿಗೆ ಸುಪ್ರೀಂ ಕೋರ್ಟು ಇಂತಹ ಭತ್ಯೆಗಳನ್ನು ಕುರಿತು 2019ರಲ್ಲಿಯೇ ಇದೇ ನಿಲುವನ್ನು ತಳೆದಿತ್ತು. ಇದಲ್ಲದೆ, ಹೊರಗಿಟ್ಟ ಬಾಬುಗಳ ಮೊತ್ತ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೆ ಕೂಡಿಸಬೇಕು. ನಿವೃತ್ತಿಯ ವೇಳೆ ಸಲ್ಲುವ ಗ್ರಾಚ್ಯುಟಿ ಹಾಗೂ ಉದ್ಯೋಗಕಡಿತದ ಪರಿಹಾರಗಳು ಈ ಅರ್ಧದ ಎಣಿಕೆಗೆ ಬರುವುದಿಲ್ಲ.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ಅರಿಯಬಹುದು. ಯಂತ್ರಭಾಗಗಳನ್ನು ತಯಾರಿಸುವ ಒಂದು ಘಟಕದಲ್ಲಿ ಮೇಲ್ವಿಚಾರಕರೊಬ್ಬರಿಗೆ ತಿಂಗಳಿಗೆ 40,000 ರೂಪಾಯಿ ಸಂಬಳವಿದೆ ಎಂದಿಟ್ಟುಕೊಳ್ಳೋಣ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 15,000. ಮನೆ ಬಾಡಿಗೆ ಭತ್ಯೆ 15,000. ವಾಹನ ಭತ್ಯೆ 10,000. ಭತ್ಯೆಗಳೆರಡೂ ಸೇರಿ 25,000 ಆಗುವುದರಿಂದ ಅರ್ಧಕ್ಕಿಂತ 5,000 ಹೆಚ್ಚಾಯಿತು. ಅದನ್ನು ಕೂಡಿಸಿದರೆ ವೇತನ 20,000 ರೂಪಾಯಿ. 20 ವರ್ಷ ಸೇವೆ ಸಲ್ಲಿಸಿದ ಈ ನೌಕರರಿಗೆ, ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸುವ ಪರಿಚಿತ ಸೂತ್ರದಂತೆ, ಹಿಂದೆ 1,73,077 ರೂಪಾಯಿ ಗ್ರಾಚ್ಯುಟಿ ಸಲ್ಲುತ್ತಿತ್ತು. ಈಗ ಸಲ್ಲಬೇಕಾದುದು 2,30,769 ರೂಪಾಯಿ. ಒಬ್ಬರ ಬಾಬಿನಲ್ಲಿಯೇ 57,692 ರೂಪಾಯಿ ಹೆಚ್ಚಾಯಿತು. ಗ್ರಾಚ್ಯುಟಿಯನ್ನು ಕೊನೆಯ ವೇತನದ ಮೇಲೆ ಪೂರ್ಣ ಸೇವಾವಧಿಗೆ ಲೆಕ್ಕ ಹಾಕುವುದರಿಂದ, ಸಂಹಿತೆಗಳು ಬರುವ ಮುನ್ನಿನ ವರ್ಷಗಳಿಗೂ ಹೊಸ ವೇತನವೇ ಅನ್ವಯಿಸುತ್ತದೆ ಎಂಬುದನ್ನು ವಿಶೇಷವಾಗಿ ಗಮನಿಸಬೇಕು.

ಈ ಹೆಚ್ಚಳ ಅನೇಕ ಮಾಲೀಕರ ಕಣ್ಣಿಗೆ ಬೀಳದಿರಲು ಒಂದು ಕಾರಣವುಂಟು. ಸಂಹಿತೆಗಳು ಜಾರಿಯಾದಾಗ ಭವಿಷ್ಯನಿಧಿಯ ವೇತನ ಮಿತಿ 15,000 ರೂಪಾಯಿ ಇದ್ದು, ಆ ಮಿತಿಗೆ ತಕ್ಕಂತೆ ವಂತಿಗೆ ಕಟ್ಟುತ್ತಿದ್ದ ಸಂಸ್ಥೆಗಳಲ್ಲಿ ಮೇಲಿನ ನೌಕರರಂಥವರ 1,800 ರೂಪಾಯಿ ವಂತಿಗೆ ಹಾಗೆಯೇ ಉಳಿಯಿತು. ತಿಂಗಳ ಚಲನ್ ಬದಲಾಗದಿದ್ದಾಗ ಏನೂ ಬದಲಾಗಲಿಲ್ಲವೆಂದು ಭಾವಿಸುವುದು ಸಹಜ. ಗ್ರಾಚ್ಯುಟಿಯಾದರೋ ನೌಕರ ಹೊರಡುವ ದಿನದವರೆಗೆ ಯಾವ ಚಲನ್ನಿನಲ್ಲಿಯೂ ಕಾಣಿಸಿಕೊಳ್ಳದ ಸಾಲ.

ಲೆಕ್ಕಪತ್ರಗಳಲ್ಲಿ ಈ ಹೆಚ್ಚುವರಿ ಹೊಣೆಯನ್ನು ತೋರಿಸದಿದ್ದರೆ ಲಾಭ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಪಾಲುದಾರರು ಆ ಲಾಭವನ್ನು ಹಂಚಿಕೊಂಡೂ ಬಿಡುತ್ತಾರೆ. ಆದಾಯ ತೆರಿಗೆಯ ದೃಷ್ಟಿಯಿಂದ ಕೇವಲ ಅವಕಾಶ ಕಲ್ಪಿಸಿದ ಮೊತ್ತಕ್ಕೆ ವಿನಾಯಿತಿ ಸಿಗದು. ಅನುಮೋದಿತ ಗ್ರಾಚ್ಯುಟಿ ನಿಧಿಗೆ ಸಲ್ಲಿಸಿದ ವಂತಿಗೆಗೆ ಸಿಗುತ್ತದೆ. ಜೀವ ವಿಮಾ ನಿಗಮ ಮೊದಲಾದವುಗಳ ಸಮೂಹ ಗ್ರಾಚ್ಯುಟಿ ಯೋಜನೆಗೆ ಸೇರಿರುವ ಸಂಸ್ಥೆಗಳು ಪರಿಷ್ಕೃತ ವೇತನದ ವಿವರವನ್ನು ವಿಮಾ ಸಂಸ್ಥೆಗೆ ಒದಗಿಸತಕ್ಕದ್ದು. ಹಳೆಯ ಅಂಕಿಗಳ ಮೇಲೆಯೇ ಕಂತು ಕಟ್ಟುತ್ತ ಹೋದರೆ ನಿಧಿಯಲ್ಲಿ ಬೀಳುವ ಕೊರತೆಯನ್ನು ಮಾಲೀಕರೇ ತುಂಬಬೇಕಾಗುತ್ತದೆ.

ನಿಗದಿತ ಅವಧಿಯ ನೌಕರರ ವಿಷಯ ಬೇರೆ. ಇವರಿಗೆ ಐದು ವರ್ಷಗಳ ಷರತ್ತಿಲ್ಲ. ಒಂದು ವರ್ಷ ಸೇವೆ ಸಲ್ಲಿಸಿದವರಿಗೂ ಸೇವಾವಧಿಯ ಪ್ರಮಾಣಕ್ಕನುಗುಣವಾಗಿ ಗ್ರಾಚ್ಯುಟಿ ಸಲ್ಲುತ್ತದೆಂದು ಕೇಂದ್ರ ಕಾರ್ಮಿಕ ಸಚಿವಾಲಯ ಸ್ಪಷ್ಟಪಡಿಸಿದೆ.

ನೌಕರ ರಾಜೀನಾಮೆ ಕೊಟ್ಟು ಹೊರಟಾಗ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕೆಂಬುದು ವೇತನ ಸಂಹಿತೆಯ ನಿಯಮ. 1936ರ ವೇತನ ಪಾವತಿ ಕಾಯಿದೆಯಲ್ಲಿ ಈ ಗಡುವು ಮಾಲೀಕರೇ ಕೆಲಸದಿಂದ ತೆಗೆದವರಿಗೆ ಮಾತ್ರ ಇತ್ತು. ‘ಲೆಕ್ಕ ಚುಕ್ತಾ ಮಾಡಲು ಮುಂದಿನ ತಿಂಗಳು ಬನ್ನಿ’ ಎಂದು ಕಳಿಸುವ ರೂಢಿಗೆ ಇನ್ನು ಎಡೆಯಿಲ್ಲ. ಈ ಪಾವತಿಯ ಮಟ್ಟಿಗೆ ಮನೆ ಬಾಡಿಗೆ ಮತ್ತು ವಾಹನ ಭತ್ಯೆಗಳೂ ವೇತನವೇ ಆಗುತ್ತವೆ. ಒಂದೇ ಪದಕ್ಕೆ ಎರಡು ಅಳತೆ! ಗ್ರಾಚ್ಯುಟಿಗೆ ಮಾತ್ರ ಹಿಂದಿನಂತೆ 30 ದಿನಗಳ ಅವಕಾಶವಿದೆ.

ವೇತನ ಚೀಟಿಯ ಕಲಮುಗಳನ್ನು ಬದಲಾಯಿಸಲೇಬೇಕೆಂದು ಕಾನೂನು ಹೇಳುವುದಿಲ್ಲ. ಚೀಟಿ ಹಳೆಯದೇ ಇದ್ದರೂ ಲೆಕ್ಕ ಹೊಸದಾಗಿರಬೇಕು, ಅಷ್ಟೆ. ಹೊರೆ ಹೆಚ್ಚಿತೆಂದು ಕಾರ್ಮಿಕರ ಒಟ್ಟು ಸಂಬಳವನ್ನು ಇಳಿಸಹೊರಟರೆ ಸೇವಾ ಷರತ್ತುಗಳ ಬದಲಾವಣೆಯ ನೋಟೀಸು, ಅದರ ಹಿಂದೆ ವಿವಾದ ಎದುರಾಗುತ್ತವೆ. ಅದಕ್ಕೆ ಮೊದಲು ಮಾಡಬೇಕಾದ ಕೆಲಸ ಸರಳವಾದುದು: ಪ್ರತಿಯೊಬ್ಬ ನೌಕರನ ಹೆಸರಿನ ಮುಂದೆ ಸೇರಿದ ದಿನಾಂಕ, ಹಳೆಯ ವೇತನ, ಹೊಸ ವ್ಯಾಖ್ಯೆಯ ವೇತನ, ಎರಡರ ಮೇಲಿನ ಗ್ರಾಚ್ಯುಟಿ ಇಷ್ಟನ್ನು ಬರೆದು ಕೂಡಿಸುವುದು. ಇಪ್ಪತ್ತು ಮೂವತ್ತು ಮಂದಿಯಿರುವ ಘಟಕದಲ್ಲಿ ಗುಮಾಸ್ತರಿಗೆ ಇದು ಒಂದು ಮಧ್ಯಾಹ್ನದ ಕೆಲಸ. ಬರುವ ಎರಡು ಮೂರು ವರ್ಷಗಳಲ್ಲಿ ನಿವೃತ್ತರಾಗುವವರ ಹೆಸರುಗಳನ್ನು ಆ ಪಟ್ಟಿಯ ಮೇಲ್ಭಾಗದಲ್ಲಿ ಬರೆದರೆ, ಹಣ ಯಾವಾಗ ಬೇಕಾಗುವುದೆಂಬುದೂ ತಿಳಿಯುತ್ತದೆ.